ಗಡಿನಾಡಿನಿಂದ ಉತ್ತರ: ಕಾಸರಗೋಡಿನಲ್ಲಿ ರಾಜ್ಯಶಾಸ್ತ್ರ ಓದುವವರಿಗೆ

ಹಾಸನದಿಂದ ಕಾಸರಗೋಡಿಗೆ ವರ್ಗವಾಗಿದೆ, ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಮುಂದೆ ರಾಜ್ಯಶಾಸ್ತ್ರ ಓದಬೇಕಂತೆ, ಇಲ್ಲಿ ಅದನ್ನು ಕನ್ನಡದಲ್ಲಿ ಓದಬಹುದಾ ಅಂತ ಕೇಳಿದ್ದೀರಿ. ಹೌದು ಅಂದರೂ ಸರಿ, ಇಲ್ಲ ಅಂದರೂ ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನೂ ಇದೇ ವಿಷಯ ಓದಿದವಳು.

ಮೊದಲನೆಯದಾಗಿ, ಪಿಯುಸಿ ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಪ್ಲಸ್ ವನ್, ಪ್ಲಸ್ ಟು. ಆರ್ಟ್ಸ್‌ಗೆ ಹ್ಯುಮ್ಯಾನಿಟೀಸ್ ಅನ್ನುತ್ತಾರೆ. ಸೀಟು ಆನ್‌ಲೈನ್‌ನಲ್ಲಿ ಸಿಂಗಲ್ ವಿಂಡೋ (ಹಲವು ಶಾಲೆಗಳಿಗೆ ಒಂದೇ ಅರ್ಜಿ) ಮೂಲಕ ಅಲಾಟ್ ಆಗುತ್ತದೆ. ರಾಜ್ಯಶಾಸ್ತ್ರಕ್ಕೆ ಲಿಖಿತ ಪರೀಕ್ಷೆ 80 ಅಂಕ, ಒಳಗಿನ ಮೌಲ್ಯಮಾಪನ 20.

ಇನ್ನು ಭಾಷೆ. ಕಾಗದದ ಮೇಲೆ ಮಾಧ್ಯಮ ಇಂಗ್ಲಿಷ್. ಪಠ್ಯ ಎನ್‌ಸಿಇಆರ್‌ಟಿಯದ್ದು: ಪ್ಲಸ್ ವನ್‌ಗೆ ಸಂವಿಧಾನ ಮತ್ತು ರಾಜಕೀಯ ಸಿದ್ಧಾಂತ, ಪ್ಲಸ್ ಟುಗೆ ಜಗತ್ತಿನ ರಾಜಕಾರಣ ಮತ್ತು ಸ್ವಾತಂತ್ರ್ಯದ ನಂತರದ ಭಾರತ. ಪಾಠದ ವಿವರಣೆ ಹೆಚ್ಚಾಗಿ ಮಲಯಾಳಂನಲ್ಲಿ. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಾದರೆ ನಡುನಡುವೆ ಕನ್ನಡವೂ ಬರುತ್ತದೆ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಎರಡು ತಿಂಗಳು ತಲೆ ಬುಡ ತಿಳಿಯುವುದಿಲ್ಲ. ಕೆಲವರು ಮಂಗಳೂರಿನಿಂದ ಕರ್ನಾಟಕದ ಪಿಯು ಪುಸ್ತಕ ತರಿಸಿಕೊಳ್ಳುತ್ತಾರೆ. ಸಿಲಬಸ್ ಬೇರೆ, ಆದರೆ ಕನ್ನಡದ ಪದಗಳಾದರೂ ಸಿಗುತ್ತವಲ್ಲ.

ಇಷ್ಟೆಲ್ಲ ಕಷ್ಟ ಇದ್ದರೂ ನಾನು ಹೇಳುವುದು ಒಂದೇ. ಈ ವಿಷಯ ಓದಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪುಸ್ತಕದಲ್ಲಿರುವುದು ಇಲ್ಲಿ ಮನೆಯ ಹೊರಗೆ ನಡೆಯುತ್ತಿರುತ್ತದೆ.

ಪ್ಲಸ್ ಟು ಪಠ್ಯದಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಪಾಠ ಇದೆ. 1953ರ ಆಯೋಗ, 1956ರ ಕಾಯ್ದೆ, 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ. ಬೇರೆ ಊರಿನ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಮುಗಿಸುತ್ತಾರೆ. ಇಲ್ಲಿ ಹಾಗಲ್ಲ. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಬಿಟ್ಟು ಕೇರಳಕ್ಕೆ ಸೇರಿದ್ದು ಆ ಕಾಯ್ದೆಯಿಂದಲೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ (ಈಗಿನ ಕರ್ನಾಟಕಕ್ಕೆ) ಸೇರಲಿ ಅಂತ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ್ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಯಾಗಲಿಲ್ಲ. ಇದು ಪಠ್ಯದಲ್ಲಿಲ್ಲ, ಮನೆಯಲ್ಲಿ ಅಜ್ಜಂದಿರ ಬಾಯಲ್ಲಿದೆ. ನವೆಂಬರ್ 1ಕ್ಕೆ ನಿಮ್ಮಲ್ಲಿ ರಾಜ್ಯೋತ್ಸವ. ಇಲ್ಲಿ ಶಾಲೆಯಲ್ಲಿ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಹುಡುಗಿಯರು ಕೇರಳದ ಸೆಟ್ ಸೀರೆ ಉಟ್ಟು ಬರುತ್ತಾರೆ. ನಿಮ್ಮ ಮಗಳೂ ಉಡುತ್ತಾಳೆ, ನೋಡಿ.

ಸಂವಿಧಾನದ 350ಎ ವಿಧಿಯೂ ಅದೇ ದಿನದ್ದು. ಅದನ್ನು ಸೇರಿಸಿದ ಏಳನೇ ತಿದ್ದುಪಡಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಅಂದರೆ ನಾವು ಭಾಷಾ ಅಲ್ಪಸಂಖ್ಯಾತರಾದ ದಿನವೇ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಮಾತು ಸಂವಿಧಾನಕ್ಕೆ ಬಂತು. ಆದರೆ ಸರಿಯಾಗಿ ಓದಿ ನೋಡಿ. ಅದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದೂ ರಾಜ್ಯ ‘ಪ್ರಯತ್ನಿಸಬೇಕು’ ಅಂತ. ನಾವು ಈ ವಿಧಿಯನ್ನು ಓದುವ ವಯಸ್ಸಿಗೆ ಅದರ ರಕ್ಷಣೆ ಮುಗಿದಿರುತ್ತದೆ! ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ನೇಮಕವಾಯಿತು ಅಂತ ಇಲ್ಲಿ ಆಗಾಗ ಪ್ರತಿಭಟನೆ ನಡೆಯುತ್ತದೆ. ಅದರ ಬೇರು ಎಲ್ಲಿದೆ ಅಂತ ನನಗೆ ಅರ್ಥವಾದದ್ದು ಈ ಒಂದು ಪುಟದಿಂದ.

350ನೇ ವಿಧಿಯನ್ನು ನಮ್ಮ ಕ್ಲಾಸಿನ ಹುಡುಗನೊಬ್ಬ ಪರೀಕ್ಷೆ ಮಾಡಿಯೇ ನೋಡಿದ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಅಂತ ಅದರಲ್ಲಿದೆ. ಅವನ ಮನೆಯ ದಾರಿಯ ಮೋರಿ ಕುಸಿದಿತ್ತು. ಕನ್ನಡದಲ್ಲಿ ಅರ್ಜಿ ಬರೆದು, ವಿಧಿಯ ನಂಬರನ್ನೂ ಹಾಕಿ ಕೊಟ್ಟ. ಅರ್ಜಿ ತೆಗೆದುಕೊಂಡರು. ಉತ್ತರ ಬಂತು, ಮಲಯಾಳಂನಲ್ಲಿ. ಅವನಿಗೆ ಓದಲು ಬರುವುದಿಲ್ಲ, ಪಕ್ಕದ ಬೆಂಚಿನವಳು ಓದಿ ಹೇಳಿದಳು. ‘ಅರ್ಜಿ ಯಾವ ಭಾಷೆಯಲ್ಲಿ ಅಂತ ವಿಧಿ ಹೇಳುತ್ತದೆ, ಉತ್ತರ ಯಾವ ಭಾಷೆಯಲ್ಲಿ ಅಂತ ಹೇಳುವುದಿಲ್ಲ’ ಅಂದರು ಟೀಚರ್. ಆ ಪೀರಿಯಡ್ ಪೂರ್ತಿ ಅದೇ ಚರ್ಚೆ.

ಪಂಚಾಯಿತಿ ಚುನಾವಣೆ ನಿಮಗೆ ಹೊಸದಾಗಿ ಕಾಣಬಹುದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಗಡಿಯ ತಲಪಾಡಿ ದಾಟಿ ಈಚೆ ಬಂದರೆ ವಾರ್ಡಿನ ಮೆಂಬರ್ ಕೂಡ ಪಕ್ಷದ ಚಿಹ್ನೆಯಲ್ಲೇ ನಿಲ್ಲುತ್ತಾರೆ. ಗ್ರಾಮ, ಬ್ಲಾಕ್, ಜಿಲ್ಲೆ ಅಂತ ಒಂದೇ ಸಲಕ್ಕೆ ಮೂರು ವೋಟು. ನಮ್ಮಂಥ ಕಡೆ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇರುತ್ತದೆ. ಒಂದು ವೋಟಿನ ಬೆಲೆ ಏನು ಅಂತ ಮಂಜೇಶ್ವರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ ಗೆಲುವಿನ ಅಂತರ ಬರೀ 89. 2021ರಲ್ಲಿ ಗೆದ್ದ ಶಾಸಕರು ತಿರುವನಂತಪುರದಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ.

ಮುನ್ನೆಚ್ಚರಿಕೆ ಬಂಧನದ (ಅಪರಾಧ ನಡೆಯುವ ಮೊದಲೇ ಹಿಡಿದಿಡುವುದು) ಪಾಠ ಬಂದಾಗ 1950ರ ಎ.ಕೆ. ಗೋಪಾಲನ್ ಕೇಸು ಬರುತ್ತದೆ. ಹಾಗೆ ಬಂಧಿಸಿದ್ದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಕಮ್ಯುನಿಸ್ಟ್ ನಾಯಕ ಅವರು. ಅದೇ ಗೋಪಾಲನ್ 1957ರಿಂದ ಮೂರು ಸಲ ಕಾಸರಗೋಡಿನಿಂದ ಲೋಕಸಭೆಗೆ ಗೆದ್ದವರು. ಇದು ಗೊತ್ತಾದ ಮೇಲೆ ಕೇಸಿನ ಹೆಸರು ಮರೆಯುವುದುಂಟಾ?

ಇನ್ನೊಂದು ಮಾತು. ‘ಇವತ್ತು ಸಮರ, ಕ್ಲಾಸಿಲ್ಲ’ ಅಂತ ಮಗಳು ಬೇಗ ಮನೆಗೆ ಬಂದರೆ ಗಾಬರಿಯಾಗಬೇಡಿ. ಯುದ್ಧ ಏನೂ ಆಗಿರುವುದಿಲ್ಲ, ಸುಮ್ನೆ ವಿದ್ಯಾರ್ಥಿ ಸಂಘಟನೆಯ ಮುಷ್ಕರ. ನನಗೆ ಕೇಳಿದರೆ ಅದು ಸ್ವಲ್ಪ ಜಾಸ್ತಿಯೇ ಆಯಿತು.

ಮಲಯಾಳಂ ಅಕ್ಷರ ಈ ರಜೆಯಲ್ಲೇ ಕಲಿಯಲಿ. ಪಾಠಕ್ಕೂ ಬೇಕು, ಆಮೇಲೂ ಬೇಕು: ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಕೇರಳ ಪಿಎಸ್‌ಸಿ ಈ ಜಿಲ್ಲೆಯಲ್ಲಿ ಕ್ಲರ್ಕ್ ಹುದ್ದೆ ಕರೆಯುತ್ತದೆ. ಅರ್ಜಿ ಹಾಕುವ ಮೊದಲು ಶಾಲೆಗೆ ಒಮ್ಮೆ ಹೋಗಿ ಬನ್ನಿ. ಸೆಕೆಂಡ್ ಲಾಂಗ್ವೇಜ್‌ಗೆ ಕನ್ನಡ ಇದೆಯಾ, ರಾಜ್ಯಶಾಸ್ತ್ರದ ಟೀಚರ್‌ಗೆ ಕನ್ನಡ ಬರುತ್ತದಾ, ಕೇಳಿ. ಎರಡಕ್ಕೂ ಹೌದು ಅಂದರೆ ಕಣ್ಣುಮುಚ್ಚಿ ಆ ಶಾಲೆಯನ್ನೇ ಮೊದಲ ಆಯ್ಕೆಯಾಗಿ ಹಾಕಿ, ಮನೆಯಿಂದ ಬಸ್ಸಿಗೆ ಸ್ವಲ್ಪ ದೂರವಾದರೂ ಪರವಾಗಿಲ್ಲ.