ಹಿಮದ ನಾಡಿನ ಸಣ್ಣ ಊರುಗಳು: ಶಾಸಕರು ಕೇಳುವ ಪ್ರಶ್ನೆ ಎಲ್ಲಿ ಮುಟ್ಟುತ್ತದೆ?

ಕೆನಡಾದ ಉತ್ತರ ಭಾಗದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಸಣ್ಣ ಊರುಗಳ ಶಾಸಕರು ಶಾಲೆ, ಆಸ್ಪತ್ರೆಗಳ ಕೊರತೆಯನ್ನು ಸದನದಲ್ಲಿ ಮತ್ತೆ ಮತ್ತೆ ಎತ್ತುತ್ತಾರೆ. ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಆ ಸಭೆಯಲ್ಲಿ ಪಕ್ಷಗಳೇ ಇಲ್ಲವಂತೆ. ಹಾಗಿದ್ದರೆ ಒಬ್ಬ ಶಾಸಕರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? – ಓದುಗರು, ಧಾರವಾಡ

ಪಕ್ಷ ಇಲ್ಲದಿರುವುದರಿಂದಲೇ ಬೆಲೆ ಬರುತ್ತದೆ. ಸದನದಲ್ಲಿ 19 ಶಾಸಕರಿದ್ದಾರೆ. ಸಭಾಧ್ಯಕ್ಷರು, ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಮತ್ತು ಆರು ಮಂತ್ರಿಗಳನ್ನು ಶಾಸಕರೇ ತಮ್ಮೊಳಗಿಂದ ಆರಿಸಿಕೊಳ್ಳುತ್ತಾರೆ. ಉಳಿಯುವ 11 ಮಂದಿ ಸಾಮಾನ್ಯ ಸದಸ್ಯರು. ಸಂಪುಟದಲ್ಲಿರುವುದು ಏಳೇ ಜನ, ಹಾಗಾಗಿ ಸಾಮಾನ್ಯ ಸದಸ್ಯರಲ್ಲಿ ಕೆಲವರಾದರೂ ಕೈ ಎತ್ತದೆ ಬಜೆಟ್ ಪಾಸಾಗುವುದಿಲ್ಲ.

ತೊಡಕು ಬೇರೆ ಕಡೆ ಇದೆ. ನಾಡಿನ ವಿಸ್ತಾರ ಕರ್ನಾಟಕದ ಸುಮಾರು ಏಳು ಪಟ್ಟು. ಜನಸಂಖ್ಯೆ 2021ರ ಗಣತಿಯಂತೆ 41,000ದ ಆಸುಪಾಸು, ಅದರಲ್ಲಿ ಅರ್ಧದಷ್ಟು ಜನ ರಾಜಧಾನಿ ಯೆಲ್ಲೋನೈಫ್‌ನಲ್ಲೇ ಇದ್ದಾರೆ. 19ರಲ್ಲಿ 7 ಸ್ಥಾನ ಆ ಒಂದೇ ಪಟ್ಟಣದ್ದು. ಉಳಿದ 12 ಶಾಸಕರು 30ಕ್ಕೂ ಹೆಚ್ಚು ಊರುಗಳನ್ನು ಪ್ರತಿನಿಧಿಸಬೇಕು. 11 ಸಾಮಾನ್ಯ ಸದಸ್ಯರು ಒಂದು ವಿರೋಧ ಪಕ್ಷದಂತೆ ಒಟ್ಟಾಗಿ ನಡೆಯುವವರೂ ಅಲ್ಲ, ಒಬ್ಬೊಬ್ಬರಿಗೂ ಅವರವರ ಊರಿನ ಚಿಂತೆ. ಆದ್ದರಿಂದ ಮಂತ್ರಿಗಿಂತ ಮೊದಲು ಸಹಸದಸ್ಯರನ್ನು ಒಪ್ಪಿಸಿಕೊಳ್ಳುವುದೇ ಅಲ್ಲಿ ಮುಖ್ಯ ಕೆಲಸ.

ನಮ್ಮ ಶೂನ್ಯವೇಳೆಯ ಹಾಗೆ ಎದ್ದುನಿಂತು ಮಾತಾಡಿದರೆ ಸಾಕೇ? – ಓದುಗರು, ಪುತ್ತೂರು

ಸಾಲದು. ಶೂನ್ಯವೇಳೆಗೆ ಹತ್ತಿರದ್ದು ಅಲ್ಲಿನ ಸದಸ್ಯರ ಹೇಳಿಕೆ: ಒಬ್ಬರಿಗೆ ಎರಡೂವರೆ ನಿಮಿಷ. ಅದಕ್ಕೆ ಮಂತ್ರಿ ಉತ್ತರ ಕೊಡಬೇಕಾಗಿಲ್ಲ. ಪಳಗಿದ ಶಾಸಕರು ಹೇಳಿಕೆಯಲ್ಲಿ ಊರಿನ ಸ್ಥಿತಿ ಹೇಳಿ, ಅದೇ ದಿನದ ಮೌಖಿಕ ಪ್ರಶ್ನೆಯಲ್ಲಿ ಮಂತ್ರಿಯನ್ನು ಹಿಡಿಯುತ್ತಾರೆ.

ಪ್ರಶ್ನೆ ಹೇಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. "ಆರೋಗ್ಯ ಸೇವೆ ಸುಧಾರಿಸುತ್ತೀರಾ?" ಎಂದು ಕೇಳಿದರೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಯಾವ ಹುದ್ದೆ, ಎಂದಿನಿಂದ ಖಾಲಿ, ನೇಮಕಾತಿ ಯಾವ ಹಂತದಲ್ಲಿದೆ, ಬರುವವರಿಗೆ ಮನೆ ಸಿದ್ಧವಿದೆಯೇ ಎಂದು ಕೇಳಿದರೆ ನುಣುಚಿಕೊಳ್ಳುವುದು ಮಂತ್ರಿಗೆ ಕಷ್ಟ. ಆದರೆ ಅಂಕಿಅಂಶ ದಂಡಿಯಾಗಿ ಬೇಕಾದ ಪ್ರಶ್ನೆಯನ್ನು ಮೌಖಿಕವಾಗಿ ಎಸೆದರೆ ಮಂತ್ರಿ "ಮಾಹಿತಿ ತರಿಸಿ ಆಮೇಲೆ ಉತ್ತರಿಸುತ್ತೇನೆ" ಎಂದು ದಾಖಲಿಸಿಕೊಳ್ಳಬಹುದು. ಆಗ ಉಪಪ್ರಶ್ನೆಗಳ ದಾರಿ ಆ ದಿನಕ್ಕೆ ಮುಚ್ಚಿಹೋಗುತ್ತದೆ. ಮೂರು ವರ್ಷಗಳಲ್ಲಿ ಪ್ರತಿ ಆರೋಗ್ಯ ಕೇಂದ್ರ ಎಷ್ಟು ದಿನ ಮುಚ್ಚಿತ್ತು ಎಂಬಂಥದ್ದನ್ನು ಲಿಖಿತ ಪ್ರಶ್ನೆಯಾಗಿಯೇ ಕೊಡಬೇಕು.

ಕಾಲವನ್ನೂ ನೋಡಿಕೊಳ್ಳಬೇಕು. ಶಾಲೆಯ ಕಟ್ಟಡ, ಸಿಬ್ಬಂದಿ ವಸತಿಯಂಥ ಬಂಡವಾಳ ಕಾಮಗಾರಿಗಳ ಅಂದಾಜು ಸದನಕ್ಕೆ ಬರುವುದು ಶರತ್ಕಾಲದ ಅಧಿವೇಶನದಲ್ಲಿ. ನರ್ಸ್, ಶಿಕ್ಷಕರ ಸಂಬಳ ಸೇರಿದ ಮುಖ್ಯ ಬಜೆಟ್ ಬರುವುದು ಚಳಿಗಾಲದಲ್ಲಿ. ಏಪ್ರಿಲ್ 1ಕ್ಕೆ ಹಣಕಾಸು ವರ್ಷ ಶುರು. ಬಜೆಟ್ ಪುಸ್ತಕ ಅಚ್ಚಾದ ಮೇಲೆ ಹೊಸ ಹುದ್ದೆ ಕೇಳಿದರೆ ತಡವಾಯಿತೆಂದೇ ಅರ್ಥ. ಅದಕ್ಕಿಂತ ಮೊದಲೇ ಶಿಕ್ಷಣ, ಆರೋಗ್ಯವೆರಡನ್ನೂ ನೋಡಿಕೊಳ್ಳುವ ಸಾಮಾಜಿಕ ಅಭಿವೃದ್ಧಿ ಸ್ಥಾಯಿ ಸಮಿತಿಯಲ್ಲಿ ಪಟ್ಟು ಹಿಡಿಯಬೇಕು.

ಆರೋಗ್ಯದ ವಿಷಯದಲ್ಲಿ ದೊಡ್ಡ ಕೊರತೆ ಯಾವುದು? – ಓದುಗರು, ಶಿರಸಿ

ಬಹುತೇಕ ಸಣ್ಣ ಊರುಗಳಲ್ಲಿ ವೈದ್ಯರಿಲ್ಲ, ಆರೋಗ್ಯ ಕೇಂದ್ರ ನಡೆಸುವವರು ನರ್ಸ್‌ಗಳು. ವೈದ್ಯರು ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಾರೆ. ತೀರ ಚಿಕ್ಕ ಊರುಗಳಲ್ಲಿ ಕಾಯಂ ನರ್ಸ್ ಕೂಡ ಇರುವುದಿಲ್ಲ. ಒಬ್ಬರು ರಜೆ ಹೋಗಿ ಬದಲಿಯವರು ಸಿಗದಿದ್ದರೆ ಕೇಂದ್ರ ತುರ್ತು ಸೇವೆಗಷ್ಟೇ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ತಪಾಸಣೆ, ಮಕ್ಕಳ ಲಸಿಕೆ ಮುಂದಕ್ಕೆ ಹೋಗುತ್ತವೆ.

ಹೆರಿಗೆಗೆ ಊರಲ್ಲಿ ವ್ಯವಸ್ಥೆಯಿಲ್ಲದ ಕಡೆಯ ಗರ್ಭಿಣಿಯರು ದಿನ ತುಂಬುವ ಕೆಲವು ವಾರ ಮೊದಲೇ ಯೆಲ್ಲೋನೈಫ್‌ನ ಸ್ಟ್ಯಾಂಟನ್ ಆಸ್ಪತ್ರೆಗೋ ಉತ್ತರದ ಇನುವಿಕ್ ಪಟ್ಟಣಕ್ಕೋ ಹೋಗಿ ಕಾಯಬೇಕು. ಮನೆಯ ದೊಡ್ಡ ಮಕ್ಕಳನ್ನು ನೋಡುವವರು ಯಾರು? ತವರಿಗೆ ಹೋಗಿ ಹೆರುವ ನಮ್ಮ ಹೆಣ್ಣುಮಕ್ಕಳಿಗೆ ಸುತ್ತ ಬಳಗವಿರುತ್ತದೆ. ಇಲ್ಲಿ ಅದಕ್ಕೆ ತದ್ವಿರುದ್ಧ, ಬಳಗವನ್ನು ಬಿಟ್ಟು ಹೋಗುವುದು. ವೈದ್ಯಕೀಯ ಪ್ರಯಾಣದಲ್ಲಿ ರೋಗಿಯ ಜೊತೆಗಾರರಿಗೂ ಟಿಕೆಟ್ ಕೊಡಬೇಕೆಂದು ಶಾಸಕರು ಇಷ್ಟು ಒತ್ತಾಯಿಸುವುದು ಇದಕ್ಕೇ. ಅಲ್ಲಿನ ಮೂಲನಿವಾಸಿಗಳ ತ್ಲಿಚೊ ಭಾಷೆಯಷ್ಟೇ ಬಲ್ಲ ವೃದ್ಧೆಯನ್ನು ಒಂಟಿಯಾಗಿ ವಿಮಾನ ಹತ್ತಿಸುವುದು ಸರಿಯಲ್ಲ. ಇಂಥ ಜೊತೆಗಾರರ ಖರ್ಚನ್ನು ಸರ್ಕಾರ ದುಂದು ಎಂದು ನೋಡಬಾರದು.

ಕೊರತೆಯ ಬೇರು ಸಂಬಳದಲ್ಲಷ್ಟೇ ಇಲ್ಲ, ವಸತಿಯಲ್ಲೂ ಇದೆ. ಕೆಲಸಕ್ಕೆ ಒಪ್ಪಿದವರಿಗೆ ಊರಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ. ಮನೆ ಕಟ್ಟುವ ಸಾಮಗ್ರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ, ನೀರಿನ ಮೇಲಿನ ಹಿಮರಸ್ತೆಯಲ್ಲಿ ಬರಬೇಕು, ಇಲ್ಲವೇ ಬೇಸಿಗೆಯಲ್ಲಿ ಮೆಕೆಂಜಿ ನದಿಯ ಬಾರ್ಜ್‌ಗಳಲ್ಲಿ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳಲ್ಲಿ. 2024ರಲ್ಲಿ ನದಿಯ ನೀರು ತೀರ ಇಳಿದು ನಾರ್ಮನ್ ವೆಲ್ಸ್ ಭಾಗಕ್ಕೆ ಬಾರ್ಜ್ ಹೋಗಲಾಗಲಿಲ್ಲ. ಸಾಗಣೆ ವಿಮಾನಕ್ಕೆ ಬಿದ್ದರೆ ಕಾಮಗಾರಿಯ ಲೆಕ್ಕವೆಲ್ಲ ತಲೆಕೆಳಗು.

ಶಾಲೆಗಳ ಕಥೆ ಏನು? – ಶಿಕ್ಷಕರು, ಮೈಸೂರು

ಮಕ್ಕಳ ಸಂಖ್ಯೆ ಕಡಿಮೆ, ಆದ್ದರಿಂದ ಬಹುತರಗತಿ ಬೋಧನೆ. ಇದು ನಮ್ಮ ಏಕೋಪಾಧ್ಯಾಯ ಶಾಲೆಗಳ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ನಿಜವಾದ ಏಟು ಬೀಳುವುದು 10ರಿಂದ 12ನೇ ತರಗತಿಯಲ್ಲಿ. ಭೌತಶಾಸ್ತ್ರ, ಮೇಲ್ಮಟ್ಟದ ಗಣಿತ ಕಲಿಸುವವರು ಊರಲ್ಲಿರುವುದಿಲ್ಲ. ಅವಿಲ್ಲದೆ ನರ್ಸಿಂಗ್, ಎಂಜಿನಿಯರಿಂಗ್ ಬಾಗಿಲು ತೆರೆಯದು, ಊರಿನ ಹುಡುಗಿ ಊರಿನ ನರ್ಸ್ ಆಗಲಾರಳು. ಶಿಕ್ಷಣ, ಆರೋಗ್ಯ ಎರಡನ್ನೂ ಶಾಸಕರು ಒಂದೇ ಉಸಿರಿನಲ್ಲಿ ಎತ್ತುವುದು ಈ ಕಾರಣಕ್ಕೆ. ಇನುವಿಕ್‌ನಿಂದ ನೇರಪ್ರಸಾರದ ವಿಡಿಯೋ ತರಗತಿಗಳು ನಡೆದಿವೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಮಗುವಿನ ಪಕ್ಕ ಕೂರುವ ಸಹಾಯಕ ಶಿಕ್ಷಕರಿಲ್ಲದೆ ಪರದೆ ಒಂದೇ ಏನು ಮಾಡೀತು?

ಆ ಸಹಾಯಕರ ಹುದ್ದೆಗಳಲ್ಲಿ ಬಹಳಷ್ಟು ನಿಂತಿದ್ದುದು 'ಜೋರ್ಡನ್ಸ್ ಪ್ರಿನ್ಸಿಪಲ್' ಎಂಬ ಕೇಂದ್ರ ಸರ್ಕಾರದ ನೆರವಿನ ಮೇಲೆ. 'ಫಸ್ಟ್ ನೇಷನ್ಸ್' ಎಂಬ ಮೂಲನಿವಾಸಿ ಸಮುದಾಯಗಳ ಮಗುವಿಗೆ ಸೇವೆ ಮೊದಲು, ಹಣ ಯಾರದ್ದೆಂಬ ಜಗಳ ಆಮೇಲೆ ಎಂಬುದು ಅದರ ತಿರುಳು. ಸರ್ಕಾರಗಳ ನಡುವಿನ ಇಂಥ ಜಗಳದಲ್ಲೇ ಮನೆ ಸೇರಲಾಗದೆ 2005ರಲ್ಲಿ ತೀರಿಕೊಂಡ ಮನಿಟೋಬಾದ ಬಾಲಕ ಜೋರ್ಡನ್ ರಿವರ್ ಆ್ಯಂಡರ್‌ಸನ್‌ನ ಹೆಸರು ಅದಕ್ಕೆ. 2025ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿ, ಮೀಸಲು ಪ್ರದೇಶದ (ಕಾನೂನಿನಂತೆ ಮೂಲನಿವಾಸಿಗಳಿಗೆಂದು ಕಾದಿರಿಸಿದ ನೆಲದ) ಹೊರಗಿನ ಶಾಲೆಗಳಿಗೆ ಈ ನೆರವನ್ನು ಮೊಟಕುಗೊಳಿಸಿತು. ಈ ನಾಡಿನ ಮೂಲನಿವಾಸಿ ಊರುಗಳಲ್ಲಿ ಹೆಚ್ಚಿನವು ಕಾನೂನಿನ ಲೆಕ್ಕದಲ್ಲಿ ಮೀಸಲು ಪ್ರದೇಶಗಳಲ್ಲ. ಹಾಗಾಗಿ ಪೆಟ್ಟು ಜೋರಾಗಿಯೇ ಬಿತ್ತು.

ಬಿಎಸ್ಸಿ ನರ್ಸಿಂಗ್ ಆಗಿದೆ. ಅಂಥ ಊರಿಗೆ ನೇರವಾಗಿ ಹೋಗಬಹುದೇ? – ಓದುಗರು, ಮಂಗಳೂರು

ಪದವಿ ಪರಿಶೀಲನೆ, ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ, ಸ್ಥಳೀಯ ನೋಂದಣಿ ಮುಗಿದ ಮೇಲೂ ಮೊದಲು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ತುರ್ತು ವಿಭಾಗದ ಅನುಭವ ಪಡೆಯಿರಿ. ಸಣ್ಣ ಊರಿನಲ್ಲಿ ಹವಾಮಾನ ಕೆಟ್ಟರೆ ಆಂಬುಲೆನ್ಸ್ ವಿಮಾನ ಇಳಿಯುವವರೆಗೂ ಗಂಟೆಗಟ್ಟಲೆ ರೋಗಿಯನ್ನು ಕಾಪಾಡುವ ಹೊಣೆ ನಿಮ್ಮದು, ವೈದ್ಯರು ಸಿಗುವುದು ಫೋನಿನಲ್ಲಿ ಮಾತ್ರ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಸತಿಯ ವಿವರವನ್ನು ಬರಹದಲ್ಲೇ ಕೇಳಿ ಪಡೆಯಿರಿ.