ಬೆಟ್ಟದ ರಜೆಯಲ್ಲಿ ಹಕ್ಕಿ, ಚಿಟ್ಟೆ ಎರಡನ್ನೂ ನೋಡೋಕಾಗುತ್ತಾ?

ನೀವು ಕೇಳಿದ್ದು ಇಷ್ಟು: ಐದು ದಿನ ಬೆಟ್ಟಕ್ಕೆ ರಜೆಗೆ ಹೋಗುತ್ತಿದ್ದೀರಿ. ನಿಮಗೆ ಹಕ್ಕಿ ಹುಚ್ಚು, ಒಂಬತ್ತು ವರ್ಷದ ಮಗಳಿಗೆ ಚಿಟ್ಟೆ ಹುಚ್ಚು. ಎರಡಕ್ಕೂ ಸಮಯ ಸಾಲುತ್ತಾ? ಬೈನಾಕ್ಯುಲರ್ ಯಾವುದು ತಗೊಳ್ಳಬೇಕು?

ಸಮಯ ಧಾರಾಳವಾಗಿ ಸಾಲುತ್ತದೆ. ಹಕ್ಕಿಗೂ ಚಿಟ್ಟೆಗೂ ಬೆಳಗಾಗುವ ಹೊತ್ತೇ ಬೇರೆ ಬೇರೆ. ಆದರೆ ಕಾರಿನ ಓಡಾಟ ಕಡಿಮೆ ಮಾಡಬೇಕು, ಅದೊಂದೇ ಷರತ್ತು.

ಮೊದಲ ಸಲ ಬೆಟ್ಟಕ್ಕೆ ಹೋದಾಗ ನಾನು ಮೂರು ದಿನಕ್ಕೆ ಹನ್ನೊಂದು ಜಾಗದ ಪಟ್ಟಿ ಇಟ್ಟುಕೊಂಡು ಹೋಗಿದ್ದೆ. ಕಂಡಿದ್ದು ಜಾಸ್ತಿ ಕಾಗೆಗಳೇ. ಇನ್ನೊಂದು ವರ್ಷ ರಸ್ತೆಗೆ ಮಣ್ಣು ಕುಸಿದು, ಉಳಿದುಕೊಂಡಿದ್ದ ಮನೆಯಿಂದ ಎರಡು ದಿನ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಹಿತ್ತಲಿನಿಂದ ತೊರೆಗೆ ಇಳಿಯುವ ಒಂದು ಕಾಲುದಾರಿ ಇತ್ತು. ಅರ್ಧ ಕಿಲೋಮೀಟರ್ ಇದ್ದೀತು. ಬೇರೆ ಕೆಲಸವಿಲ್ಲದೆ ಅದರಲ್ಲೇ ಹತ್ತು ಸಲ ಓಡಾಡಿದೆ. ಹನ್ನೊಂದು ಜಾಗದಲ್ಲಿ ಕಾಣದ್ದು ಆ ಒಂದು ದಾರಿಯಲ್ಲಿ ಕಂಡಿತು. ಆಮೇಲಿಂದ ಎಲ್ಲಿಗೆ ಹೋದರೂ ನನ್ನದು ಅದೇ ಕ್ರಮ. ನೀರು, ಸ್ವಲ್ಪ ಬಿಸಿಲು, ಸ್ವಲ್ಪ ಮರ ಇರುವ ಒಂದು ದಾರಿ ಹಿಡಿಯುವುದು, ಅದನ್ನು ಬಿಡದಿರುವುದು.

ಬೆಳಗ್ಗೆ ನಿಮ್ಮ ಪಾಲು. ರಾತ್ರಿಯಿಡೀ ಉಪವಾಸ ಇದ್ದ ಹಕ್ಕಿಗಳು ಬೆಳಕು ಹರಿಯುತ್ತಿದ್ದ ಹಾಗೆ ಹೊಟ್ಟೆಪಾಡಿಗೆ ಇಳಿಯುತ್ತವೆ. ಮೊದಲ ಎರಡು ಮೂರು ಗಂಟೆ ಬಿಟ್ಟರೆ ಆಮೇಲೆ ಕಾಡು ಮೌನ. ಬೆಟ್ಟದ ಕಾಡಿನಲ್ಲಿ ಹೊಸಬರಿಗೆ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಇಪ್ಪತ್ತು ನಿಮಿಷ ಒಂದೂ ಹಕ್ಕಿ ಇರುವುದಿಲ್ಲ. ಇದ್ದಕ್ಕಿದ್ದಂತೆ ತಲೆ ಮೇಲೆ ಸಂತೆ ಸೇರಿರುತ್ತದೆ! ಬೆಳ್ಗಣ್ಣ, ನೊಣಹಿಡುಕ, ಮರಕುಟಿಕ, ಕಾಜಾಣ ಎಲ್ಲ ಒಟ್ಟಿಗೆ. ಬೇರೆ ಬೇರೆ ಜಾತಿಯ ಹಕ್ಕಿಗಳು ಗುಂಪು ಕಟ್ಟಿಕೊಂಡು ಹುಳ ಹುಡುಕುತ್ತಾ ಸಾಗುತ್ತವೆ. ಒಂದು ಎಬ್ಬಿಸಿದ ಹುಳ ಇನ್ನೊಂದರ ಬಾಯಿಗೆ. ಗಿಡುಗ ಬಂದರೆ ಗಮನಿಸಲು ಕಣ್ಣುಗಳೂ ಜಾಸ್ತಿ. ಇಂಥ ಗುಂಪು ಸಿಕ್ಕಾಗ ಅದರ ಹಿಂದೆ ಓಡಬೇಡಿ. ಅದು ಸಾಗುವ ದಿಕ್ಕು ನೋಡಿಕೊಂಡು, ಸ್ವಲ್ಪ ಮುಂದೆ ಹೋಗಿ ಸುಮ್ನೆ ನಿಂತುಬಿಡಿ.

ಮಗಳನ್ನು ಆ ಚಳಿಯಲ್ಲಿ ಎಬ್ಬಿಸಬೇಡಿ, ಪಾಪ. ಅವಳ ಚಿಟ್ಟೆಗಳೂ ಮಲಗಿರುತ್ತವೆ. ಹಾರಲು ಚಿಟ್ಟೆಯ ಎದೆಯ ಸ್ನಾಯು ಚೆನ್ನಾಗಿ ಬಿಸಿಯಾಗಬೇಕು. ಬಹಳ ಚಿಟ್ಟೆಗಳಿಗೆ ಸುಮಾರು 30 ಡಿಗ್ರಿಯಾದರೂ ಬೇಕು. ಆ ಬಿಸಿ ಮುಖ್ಯವಾಗಿ ಬಿಸಿಲಿನಿಂದ ಬರಬೇಕು. ಎತ್ತರ ಒಂದು ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ, ಹಾಗಾಗಿ ಬೆಟ್ಟದ ಚಿಟ್ಟೆಗೆ ಬಿಸಿಲು ಕಾಯಿಸುವುದೇ ದೊಡ್ಡ ಕೆಲಸ. ಒಂಬತ್ತು ಗಂಟೆ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಹುಡುಕಿ. ಕಲ್ಲಿನ ಮೇಲೆ, ಎಲೆಯ ಮೇಲೆ ರೆಕ್ಕೆ ಬಿಚ್ಚಿ ಕೂತಿರುತ್ತವೆ. ಇನ್ನೂ ಬಿಸಿಯಾಗಿಲ್ಲದ ಚಿಟ್ಟೆ ಬೇಗ ಹಾರಿಹೋಗುವುದಿಲ್ಲ, ಮಕ್ಕಳು ಹತ್ತಿರದಿಂದ ನೋಡಲು ಅದೇ ಸಮಯ. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳಬಾರದು. ಬಿದ್ದರೆ ಆಟ ಮುಗಿಯಿತು.

ಬಿಸಿಲು ಏರಿದ ಮೇಲೆ ತೊರೆಯ ಪಕ್ಕದ ಒದ್ದೆ ಮಣ್ಣಿಗೆ ಹೋಗಿ. ಅಲ್ಲಿ ಚಿಟ್ಟೆಗಳು ಗುಂಪಾಗಿ ಕೂತು ನೀರು ಹೀರುತ್ತಿದ್ದರೆ, ಅದು ಬರೀ ಬಾಯಾರಿಕೆ ಅಲ್ಲ, ಉಪ್ಪಿನಾಸೆ. ಹೂವಿನ ಮಕರಂದದಲ್ಲಿ ಸೋಡಿಯಂ ತೀರಾ ಕಡಿಮೆ. ಹೀಗೆ ಹೀರುವವು ಬಹುಪಾಲು ಗಂಡುಗಳು. ಕೂಡುವಾಗ ಆ ಉಪ್ಪಿನಲ್ಲಿ ಒಂದು ಪಾಲನ್ನು ಹೆಣ್ಣಿಗೆ ದಾಟಿಸುತ್ತವೆ. ಸಗಣಿ, ಮೂತ್ರ ಬಿದ್ದ ಜಾಗಕ್ಕೂ ಬರುತ್ತವೆ. ನಿಮ್ಮ ಬೆವರಿದ ಟೋಪಿಯನ್ನು ಕಲ್ಲಿನ ಮೇಲಿಟ್ಟು ಕಾದು ನೋಡಿ. ನನ್ನ ಟೋಪಿಗೆ ಒಂದು ಬಂದು ಕೂತು ಕಾಲು ಗಂಟೆ ಎದ್ದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಧ್ಯವಾದರೆ ಚಿಕ್ಕದೊಂದು ಗುಡ್ಡದ ತುದಿಗೆ ಹತ್ತಿ. ಕೆಲವು ಜಾತಿಯ ಗಂಡು ಚಿಟ್ಟೆಗಳು ತುದಿಯಲ್ಲೇ ಜಾಗ ಹಿಡಿದು ಹೆಣ್ಣಿಗೆ ಕಾಯುತ್ತವೆ, ಬಂದವರನ್ನೆಲ್ಲ ಅಟ್ಟಿಸುತ್ತವೆ. ಅಷ್ಟೊತ್ತಿಗೆ ಬಿಸಿಗಾಳಿ ಮೇಲೇಳಲು ಶುರುವಾಗಿರುತ್ತದೆ. ಅದರ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಏರುತ್ತವೆ. ಅಪ್ಪನಿಗೂ ಮಗಳಿಗೂ ಒಂದೇ ಜಾಗದಲ್ಲಿ ಕೆಲಸ. ಮೋಡ ಅಡ್ಡ ಬಂದ ತಕ್ಷಣ ಚಿಟ್ಟೆಗಳು ಮಾಯ ಆಗುತ್ತವೆ, ಗಾಬರಿ ಬೇಡ. ಹತ್ತಿರದ ಹುಲ್ಲಿನಲ್ಲೇ ರೆಕ್ಕೆ ಮಡಚಿ ಕೂತಿರುತ್ತವೆ.

ಇನ್ನು ಬೈನಾಕ್ಯುಲರ್. 8x42 ಅಥವಾ ಹಗುರ ಬೇಕಾದರೆ 8x32 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 10 ಪಟ್ಟಿನದು ಕೈ ನಡುಕವನ್ನೂ ಹತ್ತು ಪಟ್ಟು ತೋರಿಸುತ್ತದೆ. ಮುಖ್ಯವಾಗಿ ಕೇಳಬೇಕಾದ್ದು ಎಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ ಅಂತ. ಎರಡು ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಕ್ಕಿಗೂ ಚಿಟ್ಟೆಗೂ ಒಂದೇ ಸಾಕು. ಐದು ಮೀಟರ್ ಅಂದರೆ ಚಿಟ್ಟೆ ನೋಡಲು ಹಿಂದಕ್ಕೆ ನಡೆಯಬೇಕಾಗುತ್ತದೆ. ಅದರಲ್ಲಿ ಸೂರ್ಯನನ್ನು ನೋಡಬಾರದು ಅಂತ ಮಗಳಿಗೆ ಮೊದಲೇ ಹೇಳಿಬಿಡಿ, ಕಣ್ಣೇ ಹೋದೀತು.

ಹೆಸರು ಗುರುತಿಸಲು ಮೊಬೈಲಿನಲ್ಲಿ ಮರ್ಲಿನ್ ಅನ್ನುವ ಆ್ಯಪ್ ಇಟ್ಟುಕೊಳ್ಳಿ, ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಸೂಚಿಸುತ್ತದೆ. ಆಗಾಗ ತಪ್ಪೂ ಹೇಳುತ್ತದೆ, ಕಣ್ಣಿಗೆ ಕಂಡ ಮೇಲೆ ನಂಬಿ. ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿ ಕರೆಯುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಅದು ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಚಿಟ್ಟೆಗೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಫೋಟೋನೂ ಬೇಕು. ಒಂದೇ ಚಿಟ್ಟೆ ಅಂತ ನಂಬಲಾಗದಷ್ಟು ಬೇರೆ ಇರುತ್ತವೆ.

ಮಳೆ ಬಂದರೆ ಬೇಜಾರು ಮಾಡಿಕೊಂಡು ಒಳಗೇ ಕೂರಬೇಡಿ. ನಿಂತ ಕೂಡಲೇ ಹೊರಗೆ ಬಂದು ಒಣಮರಗಳ ತುದಿ ನೋಡಿ. ಅವಿತುಕೊಂಡಿದ್ದ ಹಕ್ಕಿಗಳು ರೆಕ್ಕೆ ಒಣಗಿಸಿಕೊಳ್ಳಲು ಅಲ್ಲಿಗೇ ಬರುತ್ತವೆ.