ಬಿಳಿ ರಕ್ತಕಣ ಕಡಿಮೆ ಇದೆ ಅಂದರೆ ಕ್ಯಾನ್ಸರೇ?

ತಮ್ಮನಿಗೆ ಡೆಂಗ್ಯೂ ಬಂದು ಇವತ್ತಿಗೆ ಆರನೇ ದಿನ, ಬಿಳಿ ರಕ್ತಕಣ 3,100, ನ್ಯೂಟ್ರೋಫಿಲ್ (ಬಿಳಿ ರಕ್ತಕಣಗಳಲ್ಲೇ ಒಂದು ಬಗೆ) 52 ಪರ್ಸೆಂಟ್ ಅಂತ ರಿಪೋರ್ಟ್ ಬಂದಿದೆ, ಬ್ಲಡ್ ಕ್ಯಾನ್ಸರ್ ಇರಬಹುದಾ, ಲಕ್ಷಣ ಏನು ಅಂತ ಕೇಳಿದ್ದೀರಿ.

ಅಷ್ಟು ದೂರ ಯೋಚಿಸಬೇಡಿ. ಡೆಂಗ್ಯೂನಲ್ಲಿ ಬಿಳಿ ರಕ್ತಕಣ ಇಳಿಯುವುದು ತುಂಬಾ ಸಾಮಾನ್ಯ, ಎಷ್ಟೋ ಸಲ ಪ್ಲೇಟ್‌ಲೆಟ್‌ಗಿಂತ ಮೊದಲೇ ಇಳಿಯುತ್ತದೆ. ಕಾಯಿಲೆ ವಾಸಿಯಾಗುತ್ತಾ ಬಂದಂತೆ ತಾನಾಗಿಯೇ ಏರುತ್ತದೆ. ಆದರೆ ಜ್ವರ ಬಿಟ್ಟ ಮೊದಲ ಎರಡು ದಿನ ಹುಷಾರಾಗಿರಿ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬಿಳಿ ರಕ್ತಕಣ ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಆದರೆ ಒಟ್ಟು ಸಂಖ್ಯೆಗಿಂತ ಅದರಲ್ಲಿ ನ್ಯೂಟ್ರೋಫಿಲ್ ಎಷ್ಟು ಅನ್ನುವುದೇ ಮುಖ್ಯ. ಬ್ಯಾಕ್ಟೀರಿಯಾ ಜೊತೆ ಹೋರಾಡುವುದು ಅವೇ. 3,100ರಲ್ಲಿ 52 ಪರ್ಸೆಂಟ್ ಅಂದರೆ ಸುಮಾರು 1,600. ಇದು 1,500ಕ್ಕಿಂತ ಕೆಳಗಿಳಿದರೆ ಕಡಿಮೆ ಅನ್ನುತ್ತಾರೆ. 500ಕ್ಕಿಂತ ಕೆಳಗೆ ಹೋದರೆ ಅಪಾಯ.

ನಾನು ಡಾಕ್ಟರ್ ಅಲ್ಲ. ಇದೆಲ್ಲ ಗೊತ್ತಾಗಿದ್ದು ನಮ್ಮ ಅಮ್ಮನಿಂದ. ಥೈರಾಯ್ಡ್ ಜಾಸ್ತಿಯಾಗಿ ಅವರು ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಎರಡನೇ ತಿಂಗಳಲ್ಲಿ ಗಂಟಲು ನೋವು ಶುರುವಾಯಿತು. ಸುಮ್ನೆ ಶೀತ ಇರಬೇಕು ಅಂತ ಎರಡು ದಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಮೂರನೇ ದಿನ ಚಳಿ ನಡುಕದ ಜೊತೆ 102 ಡಿಗ್ರಿ ಜ್ವರ. ನಾಲಿಗೆಯ ಅಂಚಿನಲ್ಲಿ ಹುಣ್ಣು, ಎಂಜಲು ನುಂಗಲೂ ಆಗುತ್ತಿರಲಿಲ್ಲ. ಬಿಳಿ ರಕ್ತಕಣ 900, ನ್ಯೂಟ್ರೋಫಿಲ್ 8 ಪರ್ಸೆಂಟ್. ಅಂದರೆ ಬರೀ 72! ಅದನ್ನು ಇಳಿಸಿದ್ದು ಆ ಮಾತ್ರೆಯೇ. ಮಾತ್ರೆ ನಿಲ್ಲಿಸಿ, ಅಡ್ಮಿಟ್ ಮಾಡಿಕೊಂಡು ಆ್ಯಂಟಿಬಯೋಟಿಕ್ ಕೊಟ್ಟರು. ಚೇತರಿಸಿಕೊಳ್ಳಲು ಹತ್ತು ದಿನ ಬೇಕಾಯಿತು. ಆ ಎರಡು ದಿನ ಕಾದಿದ್ದಕ್ಕೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಬಿಳಿ ರಕ್ತಕಣ ಕಡಿಮೆಯಾದದ್ದಕ್ಕೇ ಅಂತ ನೋವಿಲ್ಲ, ಸುಸ್ತೂ ಇಲ್ಲ. ಅದರಿಂದ ಬರುವ ಸೋಂಕೇ ಲಕ್ಷಣ: ಜ್ವರ, ಗಂಟಲು ನೋವು, ಬಾಯಿಹುಣ್ಣು, ಮಾಯದ ಗಾಯ. ಕೀವು ಆಗುವುದು ಹೆಚ್ಚಾಗಿ ನ್ಯೂಟ್ರೋಫಿಲ್‌ಗಳಿಂದಲೇ. ಅವೇ ಇಲ್ಲದಾಗ ಸೋಂಕು ದೊಡ್ಡದಿದ್ದರೂ ಕೀವು ಅಷ್ಟಾಗಿ ಕಾಣುವುದಿಲ್ಲ.

ಬೇರೆ ಕಾರಣಗಳೂ ಇವೆ. ಟೈಫಾಯ್ಡ್, ಬಿ12 ಕೊರತೆ, ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಎಚ್‌ಐವಿ, ಊದಿದ ಗುಲ್ಮ (ಸ್ಪ್ಲೀನ್), ಕೀಮೋ. ಸಂಧಿವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ತಪ್ಪಾಗಿ ದಿನಾ ನುಂಗಿ ಜೀವಕ್ಕೇ ಕುತ್ತು ತಂದುಕೊಂಡವರಿದ್ದಾರೆ. ಮೂಳೆಮಜ್ಜೆಯ ಕಾಯಿಲೆ, ಬ್ಲಡ್ ಕ್ಯಾನ್ಸರ್ ಕೂಡ ಕಾರಣವಾಗಬಹುದು, ನಿಜ. ಆಗ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಕೂಡ ಏರುಪೇರಾಗಿ, ವಾರಗಟ್ಟಲೆ ಸರಿಹೋಗುವುದಿಲ್ಲ.

ಈಗ ಡಾಕ್ಟರ್ ಹೇಳಿದ ದಿನಕ್ಕೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಪೂರ್ತಿ ಗುಣವಾದ ಎರಡು ವಾರಕ್ಕೆ ಇನ್ನೊಮ್ಮೆ ಮಾಡಿಸಿ. ಆಗಲೂ ಕಡಿಮೆಯೇ ಇದ್ದರೆ ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಬೇಕಾ ಅಂತ ಕೇಳಿ. ತಮ್ಮ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಮುಂದೆ ಇಡಿ.